ಕಿತ್ತ ಬುದ್ಧಿ ಹಲ್ಲು ಇನ್ನೊಂದು ಜಾಗದಲ್ಲಿ ಹಿಡಿಯುತ್ತಾ?

ಮಗನಿಗೆ 18 ವರ್ಷ, ಕೆಳಗಿನ ದವಡೆ ಹಲ್ಲು ಹುಳುಕಾಗಿ ಕೀಳಲೇಬೇಕು, ಆ ಜಾಗಕ್ಕೆ ಅವನದೇ ಬುದ್ಧಿ ಹಲ್ಲು ಕೂರಿಸೋಣ ಅಂತಾರೆ ಡಾಕ್ಟರು, ಅದು ಹಿಡಿಯುತ್ತಾ ಅಂತ ಕೇಳಿದ್ದೀರಿ.

ಹಿಡಿಯುತ್ತೆ. ನನ್ನ ಮಗಳಿಗೂ ಇದೇ ವಯಸ್ಸಲ್ಲಿ ಮಾಡಿಸಿದೆವು. 5 ವರ್ಷವಾಯಿತು, ಆ ಹಲ್ಲಲ್ಲೇ ಚಕ್ಕುಲಿ ಕಡಿಯುತ್ತಾಳೆ. (ಅವಳದ್ದು ಹುಳುಕಾಗಿದ್ದು 6ನೇ ವರ್ಷಕ್ಕೇ ಬರುವ ದವಡೆ ಹಲ್ಲು. ಹಾಲುಹಲ್ಲು ಅಂದುಕೊಂಡು ನಾವು ಗಮನಿಸಲೇ ಇಲ್ಲ.)

ಹಲ್ಲಿನ ಬೇರಿನ ಸುತ್ತ ತೆಳ್ಳನೆ ಪೊರೆ ಇರುತ್ತದೆ. ಹಲ್ಲನ್ನು ಮೂಳೆಗೆ ಹಿಡಿದಿಡುವುದು ಅದೇ. ಅದಕ್ಕೆ ಜೀವ ಇದ್ದರೆ ಹೊಸ ಕುಳಿಯಲ್ಲೂ ಅಂಟಿಕೊಳ್ಳುತ್ತದೆ. ಒಣಗಿದರೆ ಅಥವಾ ಜಜ್ಜಿಹೋದರೆ ಬೇರು ನಿಧಾನಕ್ಕೆ ಕರಗಬಹುದು, ಇಲ್ಲವೇ ಮೂಳೆಗೇ ಬೆಸೆದುಕೊಳ್ಳಬಹುದು. ನಾಟಿಗೆ ಕಿತ್ತ ಸಸಿಯನ್ನು ಬಿಸಿಲಲ್ಲಿ ಬಿಡುತ್ತೇವಾ? ಇದೂ ಹಾಗೇ, ಹಲ್ಲು ಬಾಯಿಂದ ಹೊರಗಿರುವ ಹೊತ್ತು ಆದಷ್ಟು ಕಮ್ಮಿ ಇರಬೇಕು.

ಮಗಳಿಗೆ ಮೊದಲು ಸ್ಕ್ಯಾನ್ ಮಾಡಿ, ಬುದ್ಧಿ ಹಲ್ಲಿನದೇ ಅಳತೆಯ ಪ್ಲಾಸ್ಟಿಕ್ ಹಲ್ಲನ್ನು ತ್ರೀಡಿ ಪ್ರಿಂಟ್ ಮಾಡಿಸಿದ್ದರು. ಅದನ್ನು ಇಟ್ಟು ನೋಡಿ ಕುಳಿ ಸರಿ ಮಾಡಿಕೊಂಡ ಮೇಲೇ ನಿಜವಾದ ಹಲ್ಲಿಗೆ ಕೈ ಹಾಕಿದ್ದು. ಹಲ್ಲಿನ ಮೇಲೆ ಅಡ್ಡಡ್ಡ ದಾರ ಹಾಕಿ ಹೊಲಿದಿದ್ದರು. ಎರಡು ವಾರ ಗಂಜಿ, ಮೊಸರನ್ನ, ಮುದ್ದೆ. ಮುದ್ದೆ ಹೇಗೂ ಅಗಿಯದೆ ನುಂಗುವುದು ಅಲ್ವಾ.

ಒಪ್ಪುವ ಮೊದಲು ಡಾಕ್ಟರ ಹತ್ತಿರ ಒಂದು ಮಾತು ಕೇಳಿ: ಬುದ್ಧಿ ಹಲ್ಲಿನ ಬೇರು ಎಷ್ಟು ಬೆಳೆದಿದೆ? ಮುಕ್ಕಾಲು ಭಾಗ ಬೆಳೆದು ತುದಿ ಇನ್ನೂ ತೆರೆದಿದ್ದರೆ ತುಂಬಾ ಒಳ್ಳೆಯದು, ಹಲ್ಲಿನೊಳಗೆ ಮತ್ತೆ ರಕ್ತ ಹರಿಯುವ ಸಾಧ್ಯತೆ ಇರುತ್ತದೆ. ತುದಿ ಮುಚ್ಚಿದ್ದರೂ ಮಾಡಬಹುದು, ಆದರೆ ಕೆಲವೇ ವಾರಗಳಲ್ಲಿ ರೂಟ್ ಕೆನಾಲ್ ಆಗಬೇಕು. ಮಗಳಿಗೆ ಎರಡನೇ ವಾರ ಮಾಡಿಸಿದೆವು. ಬೇರು ಕೊಕ್ಕೆಯಂತೆ ಬಾಗಿದ್ದರೆ ಪೊರೆ ಹರಿಯದಂತೆ ಕೀಳುವುದೇ ಕಷ್ಟ. ಅದನ್ನೂ ಎಕ್ಸ್‌ರೇಯಲ್ಲಿ ತೋರಿಸಿ ಅನ್ನಿ.

ಇಂಪ್ಲಾಂಟ್ (ಮೂಳೆಗೆ ಲೋಹದ ಸ್ಕ್ರೂ ಕೂರಿಸಿ ಅದರ ಮೇಲೆ ಕೃತಕ ಹಲ್ಲು ಹಾಕುವುದು) ಮುಂದೆ ಯಾವಾಗ ಬೇಕಾದರೂ ಹಾಕಿಸಬಹುದು. ಹದಿಹರೆಯದಲ್ಲಿ ದವಡೆ ಇನ್ನೂ ಬೆಳೆಯುತ್ತಿರುತ್ತದೆ. ಲೋಹದ ಸ್ಕ್ರೂ ಅದರ ಜೊತೆ ಏಳುವುದಿಲ್ಲ, ಅಕ್ಕಪಕ್ಕದ ಹಲ್ಲುಗಳ ನಡುವೆ ತಗ್ಗಾಗಿ ಉಳಿಯುತ್ತದೆ. ಸ್ವಂತ ಹಲ್ಲು ಹಿಡಿದರೆ ಮೂಳೆಯ ಜೊತೆಗೇ ಬರುತ್ತದೆ.

ಹಲ್ಲು ಕೂತ ಮೇಲೂ ತಪಾಸಣೆ ತಪ್ಪಿಸಬೇಡಿ. ಈಗಲೂ ನಮ್ಮ ಡಾಕ್ಟರು ಕನ್ನಡಿಯ ಹಿಡಿಯಿಂದ ಆ ಹಲ್ಲನ್ನು ಟಕ್ ಅಂತ ತಟ್ಟುತ್ತಾರೆ, ಆಮೇಲೆ ಪಕ್ಕದ್ದನ್ನು. ಮೂಳೆಗೆ ಬೆಸೆದುಕೊಂಡ ಹಲ್ಲು ಲೋಹ ತಟ್ಟಿದ ಹಾಗೆ ಸದ್ದು ಮಾಡುತ್ತದಂತೆ. ಹೋದ ತಿಂಗಳು ಎರಡೂ ಒಂದೇ ಸದ್ದು ಮಾಡಿದವು.