ಹಾಡು ನಿಮ್ಮದು, ಹೆಸರು ಅವಳದು

ಪ್ರಶ್ನೆ: ನಾನು ಪಾಪ್-ಪಂಕ್ ಬ್ಯಾಂಡೊಂದರ ಗಿಟಾರಿಸ್ಟ್. ಎರಡು ವರ್ಷ ಒಬ್ಬಳನ್ನು ಕದ್ದುಮುಚ್ಚಿ ಪ್ರೀತಿಸಿದೆ. ಅವಳ ಮನೆಯವರು ಒಪ್ಪಲಿಲ್ಲ, ಮುರಿದುಬಿತ್ತು. ಅದೇ ಈಗ ಹಾಡಾಗಿದೆ. ಪಲ್ಲವಿಯಲ್ಲಿ ಅವಳ ಹೆಸರಿದೆ. ಹಿಂಬಾಗಿಲ ದೀಪವನ್ನು ಮೂರು ಸಲ ಆರಿಸಿ ಹಚ್ಚಿ ನನ್ನನ್ನು ಕರೆಯುತ್ತಿದ್ದುದೂ ಇದೆ. ಅವಳಿಗೀಗ ಬೇರೆ ಕಡೆ ಮದುವೆ ನಿಶ್ಚಯವಾಗಿದೆ. ಹೆಸರು ತೆಗೆದರೆ ಹಾಡು ಸಪ್ಪೆ ಅನ್ನುತ್ತಾನೆ ನಮ್ಮ ಡ್ರಮ್ಮರ್. ಮುಂದಿನ ತಿಂಗಳು ರೆಕಾರ್ಡಿಂಗ್. ಏನು ಮಾಡಲಿ?

ಉತ್ತರ: ಡ್ರಮ್ಮರ್ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಹಾಡಿನಲ್ಲಿ ಇರೋದು ಅವನ ಹೆಸರಲ್ಲವಲ್ಲ!

ಅಮೆರಿಕದ ಪ್ಲೇನ್ ವೈಟ್ ಟೀಸ್ ಬ್ಯಾಂಡಿನ ಟಾಮ್ ಹಿಗೆನ್ಸನ್‌ಗೆ ಒಬ್ಬ ಓಟಗಾರ್ತಿಯ ಪರಿಚಯವಾಯಿತು. ಆಕೆಗೆ ಆಗಲೇ ಬಾಯ್‌ಫ್ರೆಂಡ್ ಇದ್ದ. ಆದರೂ ಆಕೆಯ ನಿಜ ಹೆಸರನ್ನೇ ಇಟ್ಟು 'ಹೇ ದೇರ್ ಡಿಲೈಲಾ' ಬರೆದರು. ಹಾಡಿನಲ್ಲಿ ಇಬ್ಬರೂ ಪ್ರೇಮಿಗಳು, ನಿಜದಲ್ಲಿ ಪ್ರೇಮವೇ ಇರಲಿಲ್ಲ. 2007ರಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 2008ರ ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಮಾರಂಭಕ್ಕೆ ಇಬ್ಬರೂ ಸ್ನೇಹಿತರಾಗಿ ಜೊತೆಯಲ್ಲೇ ಹೋದರು. ಅಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ನಿಮ್ಮಲ್ಲಿ ಇದೆ.

ಹಾಗಾದರೆ ಹೆಸರು ಬದಲಿಸಿದರೆ ಸಾಕಾ? ಇಂಗ್ಲೆಂಡಿನ ಗಿಟಾರಿಸ್ಟ್ ಎರಿಕ್ ಕ್ಲ್ಯಾಪ್ಟನ್ ಹಾಗೇ ಮಾಡಿದ್ದರು. ಮನಸ್ಸು ಹೋಗಿದ್ದು ಗೆಳೆಯ, ಬೀಟಲ್ಸ್ ಬ್ಯಾಂಡಿನ ಜಾರ್ಜ್ ಹ್ಯಾರಿಸನ್ ಅವರ ಹೆಂಡತಿ ಪ್ಯಾಟಿ ಬಾಯ್ಡ್ ಮೇಲೆ. ಪರ್ಷಿಯನ್ ಕವಿ ನಿಜಾಮಿಯ ಲೈಲಾ-ಮಜ್ನು ಕಥೆಯಿಂದ ಹೆಸರು ಎರವಲು ತಂದು 1970ರಲ್ಲಿ 'ಲೇಲಾ' ಹಾಡಿದರು. ಅದನ್ನು ಮೊದಲು ಕೇಳಿದಾಗ ಪ್ಯಾಟಿಗೆ, ಇದು ನನ್ನ ಬಗ್ಗೆ ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತದೆ ಎಂದು ದಿಗಿಲಾಯಿತಂತೆ. ಬಾಯ್ಡ್ ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ.

ನನಗೆ ಹೆಸರಿಗಿಂತ ಜಾಸ್ತಿ ಚಿಂತೆ ಆ ದೀಪದ್ದು. ಹೆಸರು ಸಾವಿರ ಜನರಿಗಿರುತ್ತದೆ. ಮೂರು ಸಲ ಆರಿ ಹತ್ತಿದ ದೀಪ ಅವಳ ಮನೆಯದೊಂದೇ. ಯಾಕೆ ಹಾಗೆ ಆಗುತ್ತಿತ್ತು ಎಂದು ಅವಳ ಅಮ್ಮನಿಗೆ ಈಗ, ನಿಮ್ಮ ಹಾಡಿನಿಂದ, ಗೊತ್ತಾಗಬೇಕಾ?

ಒಂದು ಸಲ ಅವಳನ್ನು ಕೇಳಿಸಿ. ಮೆಸೇಜ್ ಬೇಡ, ಫೋನ್ ಯಾರ ಕೈಯಲ್ಲಿರುತ್ತದೋ. ಇಬ್ಬರಿಗೂ ನಂಬಿಕೆಯಿರುವ ಗೆಳತಿ ಇದ್ದರೆ ಬಾಯಿಮಾತಲ್ಲೇ ಸಾಕು: ಹಾಡಿನಲ್ಲಿ ಹೆಸರಿದೆ, ದೀಪವಿದೆ, ಬೇಡವೆಂದರೆ ಎರಡೂ ತೆಗೆಯುತ್ತೇನೆ. ಉತ್ತರ ಬರದಿದ್ದರೆ ಬೇಡ ಅಂತಲೇ ತಿಳಿಯಿರಿ, ಇನ್ನೊಂದು ಸಲ ಕೇಳಿಸಬೇಡಿ. ಹಾಗೇ ನಿಮ್ಮನ್ನೂ ಒಂದು ಮಾತು ಕೇಳಿಕೊಳ್ಳಿ. ಹೆಸರು ಇಟ್ಟಿದ್ದು ಹಾಡಿಗೆ ಬೇಕು ಅಂತಲೋ, ಅವಳು ಕೇಳಿಸಿಕೊಳ್ಳಲಿ ಅಂತಲೋ? ಎರಡನೆಯದು ಅಂತ ನನಗೆ ಸಣ್ಣ ಅನುಮಾನ.

ಹೆಸರು ತೆಗೆಯಬೇಕಾದರೆ, ಅಷ್ಟೇ ಅಕ್ಷರದ ಇನ್ನೊಂದನ್ನು ಹುಡುಕುವ ಕೆಲಸ ಡ್ರಮ್ಮರ್‌ಗೇ ಕೊಡಿ. ತಾಳ ಅವನಿಗೆ ಗೊತ್ತಲ್ವಾ.