ಚೀನಾದ ಕಮ್ಯುನಿಸ್ಟ್ ಪಕ್ಷದಲ್ಲಿ ನಿಜವಾದ ಅಧಿಕಾರ ಯಾರ ಕೈಯಲ್ಲಿದೆ?

ಪಕ್ಷದ ಹಿರಿಯ ನಾಯಕರ ಕೂಟವಾದ ಪಾಲಿಟ್‌ಬ್ಯೂರೋ, ಅದರೊಳಗೆ ಸ್ಥಾಯಿ ಸಮಿತಿ ಅಂತ ಇದೆಯಲ್ಲ, ಅದರ 7 ಜನರ ಕೈಯಲ್ಲಿ. ಈಗಂತೂ ಅದರಲ್ಲೂ ಪ್ರಧಾನ ಕಾರ್ಯದರ್ಶಿ ಷಿ ಜಿನ್‌ಪಿಂಗ್ ಕೈಯಲ್ಲಿ.

ಪಕ್ಷದ ನಿಯಮ ಓದಿದರೆ ಇದು ತಲೆಕೆಳಗಾಗಿ ಕಾಣುತ್ತದೆ. 5 ವರ್ಷಕ್ಕೊಮ್ಮೆ 2,000ಕ್ಕೂ ಜಾಸ್ತಿ ಪ್ರತಿನಿಧಿಗಳು ಸೇರುವ ಮಹಾಧಿವೇಶನವೇ ಎಲ್ಲಕ್ಕಿಂತ ದೊಡ್ಡದು, ಅದು ಕೇಂದ್ರ ಸಮಿತಿಯನ್ನು ಆರಿಸುತ್ತದೆ, ಆ ಸಮಿತಿ ಪಾಲಿಟ್‌ಬ್ಯೂರೋ, ಸ್ಥಾಯಿ ಸಮಿತಿ, ಪ್ರಧಾನ ಕಾರ್ಯದರ್ಶಿ ಎಲ್ಲರನ್ನೂ ಆರಿಸುತ್ತದೆ. 2022ರಲ್ಲಿ ಕೇಂದ್ರ ಸಮಿತಿಗೆ 205 ಪೂರ್ಣ ಸದಸ್ಯರು ಬಂದರು, ಪಾಲಿಟ್‌ಬ್ಯೂರೋಗೆ 24.

ಗುಟ್ಟು ಇರುವುದು ಯಾರು ಎಷ್ಟು ಸಲ ಸೇರುತ್ತಾರೆ ಅನ್ನುವುದರಲ್ಲಿ. ಕೇಂದ್ರ ಸಮಿತಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಸೇರುತ್ತದೆ, ಪಾಲಿಟ್‌ಬ್ಯೂರೋ ಹೆಚ್ಚುಕಡಿಮೆ ತಿಂಗಳಿಗೊಮ್ಮೆ. ದಿನದಿನದ ತೀರ್ಮಾನಕ್ಕೆ ಉಳಿಯುವುದು ಆ 7 ಜನ ಮಾತ್ರ. ಜೊತೆಗೆ, ಯಾರನ್ನು ಆರಿಸಬೇಕು ಅನ್ನುವ ಪಟ್ಟಿಯೂ ಮೇಲಿನವರ ಕೈಯಲ್ಲೇ ಮೊದಲು ತಯಾರಾಗಿರುತ್ತದೆ. ಹಾಗಾಗಿ ಕೆಳಗಿನ ಮತದಾನ ಬಹುಮಟ್ಟಿಗೆ ಒಪ್ಪಿಗೆಯ ಮುದ್ರೆ.

ಸರ್ಕಾರ ಪಕ್ಷದ ಹಿಂದೆಯೇ ಬರುತ್ತದೆ, ಇದನ್ನು ಮರೆಯಬಾರದು. 2022ರ ಅಕ್ಟೋಬರ್‌ನಲ್ಲಿ ಬೀಜಿಂಗ್‌ನ ವೇದಿಕೆಗೆ ಆ 7 ಜನ ಸಾಲಾಗಿ ನಡೆದು ಬಂದರು. ಆ ಸಾಲೇ ಸ್ಥಾನಮಾನದ ಕ್ರಮ. ಷಿ ಹಿಂದೆ ಎರಡನೆಯವರಾಗಿ ಬಂದದ್ದು ಲಿ ಚಿಯಾಂಗ್, ಮುಂದಿನ ಪ್ರಧಾನಿ ಅವರೇ ಅಂತ ನೋಡುತ್ತಿದ್ದವರಿಗೆ ಆಗಲೇ ಅರ್ಥವಾಯಿತು. ಸಂಸತ್ತು ಅವರನ್ನು ಆ ಹುದ್ದೆಗೆ ಆರಿಸಿದ್ದು 2023ರ ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ಪ್ರಧಾನಿಯಾಗಿದ್ದ ಲಿ ಕೆಚಿಯಾಂಗ್ ಹೆಸರು 2022ರಲ್ಲಿ ಆರಿಸಿದ ಪಕ್ಷದ ಹೊಸ ಕೇಂದ್ರ ಸಮಿತಿಯಲ್ಲೇ ಇರಲಿಲ್ಲ.