ಕ್ರೈಸ್ತ ವಿಶ್ವಾಸಿಗೆ ಕಷ್ಟದಲ್ಲಿ ಅರ್ಥ ಸಿಗುವುದು ಹೇಗೆ?

‘ಎಲ್ಲವೂ ದೇವರ ಚಿತ್ತ’ ಎಂದು ಅವಸರದಲ್ಲಿ ಹೇಳುವವರನ್ನು ಸ್ವಲ್ಪ ದೂರವೇ ಇಡಿ. ಬೈಬಲಿನಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಅವನ ಪಕ್ಕದಲ್ಲಿ ಸುಮ್ಮನೆ ಕುಳಿತಿರುವವರೆಗೂ ಸರಿಯಾಗಿಯೇ ಇದ್ದರು; ಬಾಯಿ ತೆರೆದು ‘ಇದು ನಿನ್ನ ಪಾಪದ ಫಲ’ ಎಂದ ಮೇಲೆಯೇ ಕೆಟ್ಟಿದ್ದು. ಹುಟ್ಟುಕುರುಡನನ್ನು ಕಂಡು ‘ಇದು ಯಾರ ಪಾಪ’ ಎಂದು ಶಿಷ್ಯರು ಕೇಳಿದಾಗ ಯೇಸು ಆ ಲೆಕ್ಕಾಚಾರವನ್ನೇ ತಳ್ಳಿಹಾಕಿದರು (ಯೋಹಾನ 9).

ಸಕಲೇಶಪುರದ ಕಡೆ ನಮ್ಮ ಮೆಣಸಿನ ಬಳ್ಳಿಗಳು ಒಂದೇ ಮಳೆಗಾಲದಲ್ಲಿ ಸೊರಗು ರೋಗಕ್ಕೆ ಹೋದವು. ಎಲೆ ಹಳದಿಯಾಗಿ ಉದುರಿತು, ಬಳ್ಳಿ ಗೆಣ್ಣು ಗೆಣ್ಣಿನಲ್ಲಿ ಕಳಚಿಬಿತ್ತು, ಬಳ್ಳಿ ಹಬ್ಬಿದ್ದ ಸಿಲ್ವರ್ ಓಕ್ ಮರಗಳು ಬೋಳಾಗಿ ನಿಂತವು. ಪ್ರಾರ್ಥಿಸಿದೆ, ಒಂದೂ ಚಿಗುರಲಿಲ್ಲ. (ಈ ರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸಲು ನಾನು ತಡಮಾಡಿದ್ದೂ ನಿಜ.) ಯೇಸುವಿನ ಅಪೊಸ್ತಲ ಪೌಲನು ಕೊರಿಂಥದ ವಿಶ್ವಾಸಿಗಳಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲೇ ಒಂದು ಮಾತಿದೆ: ದೇವರು ನಮ್ಮನ್ನು ಸಂತೈಸುವುದು, ನಾವು ಇತರರನ್ನು ಸಂತೈಸಲು ಶಕ್ತರಾಗಲೆಂದು (1:4). ನನಗೆ ಸಿಕ್ಕ ಅರ್ಥ ಅಷ್ಟೇ. ಮರುವರ್ಷ ಪಕ್ಕದ ತೋಟದವರ ಬಳ್ಳಿಗಳೂ ಹೋದವು. ಸಂಜೆ ಅವರ ಜಗುಲಿಯಲ್ಲಿ ಹೋಗಿ ಕುಳಿತೆ. ಸಾಲದ ಕಂತಿನ ಮಾತು ಎತ್ತುವ ಮೊದಲು ಎಷ್ಟು ಹೊತ್ತು ಸುಮ್ಮನಿರಬೇಕೆಂದು ಅಷ್ಟರಲ್ಲಿ ಕಲಿತಿದ್ದೆ. ಇಬ್ಬರ ಕಾಫಿಯೂ ಆರಿಹೋಯಿತು.